ಒಂದು ಮೊಳದ ಕಾವು

ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯ ಲೆಟ್ಯೂಸ್ ಹೊಲಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಗುದ್ದಲಿಯ ಕಾವು ಹೆಚ್ಚೆಂದರೆ ಒಂದು ಮೊಳ. ಮೆಕ್ಸಿಕೊ ಮೂಲದ ಕೂಲಿಕಾರರು ಅದನ್ನು ‘ಎಲ್ ಕೊರ್ಟಿಟೊ’, ಗಿಡ್ಡ, ಎಂದು ಕರೆಯುತ್ತಿದ್ದರು. ಒತ್ತಾಗಿ ಹುಟ್ಟಿದ ಸಸಿಗಳನ್ನು ತೆಳುವು ಮಾಡಲು, ಕಳೆ ತೆಗೆಯಲು, ಅದನ್ನು ಹಿಡಿದವರು ಸೊಂಟ ಬಗ್ಗಿಸಿಕೊಂಡೇ ಸಾಲಿನಿಂದ ಸಾಲಿಗೆ ಸಾಗಬೇಕಿತ್ತು. ಕಾರ್ಮಿಕ ನಾಯಕ ಸೀಸರ್ ಚಾವೇಸ್ ಕೂಡ ಹೀಗೆ ದುಡಿದವರೇ. ಬೆನ್ನುನೋವು ಅವರನ್ನು ಮುಂದೆಯೂ ಬಿಡಲಿಲ್ಲ.

ಉದ್ದ ಕಾವಾದರೆ ಎಳೆ ಸಸಿಗೆ ಪೆಟ್ಟು ಬೀಳುತ್ತದೆ ಎಂಬುದು ಜಮೀನುದಾರರ ವಾದ. ಆದರೆ ಗಿಡ್ಡ ಕಾವಿನಿಂದ ಇನ್ನೊಂದು ಅನುಕೂಲವಿತ್ತು: ಯಾರು ಬೆನ್ನು ನೆಟ್ಟಗೆ ಮಾಡಿದರು ಎಂಬುದು ದೂರದಲ್ಲಿದ್ದ ಮೇಸ್ತ್ರಿಗೆ ಒಂದೇ ನೋಟಕ್ಕೆ ಕಾಣುತ್ತಿತ್ತು. ನೆಟ್ಟಗೆ ನಿಂತವರು ಕೆಲಸ ನಿಲ್ಲಿಸಿದವರು ಎಂದೇ ಲೆಕ್ಕ. ಈ ಇಡೀ ಕಥೆಯ ಕ್ರೌರ್ಯ ಇರುವುದು ಆ ಲೆಕ್ಕದಲ್ಲಿ.

1972ರಲ್ಲಿ ಬಡ ಕೂಲಿಕಾರರ ಪರ ವಕೀಲರು ರಾಜ್ಯದ ಕೈಗಾರಿಕಾ ಸುರಕ್ಷತಾ ವಿಭಾಗಕ್ಕೆ ಅರ್ಜಿ ಹಾಕಿದರು. ಬೆನ್ನೆಲುಬು ಹೇಗೆ ಸವೆಯುತ್ತದೆ ಎಂದು ವೈದ್ಯರು ವಿವರಿಸಿದರು. ಆದರೂ ಅರ್ಜಿ ಬಿದ್ದುಹೋಯಿತು. ನಿಯಮದಲ್ಲಿದ್ದ ‘ಅಸುರಕ್ಷಿತ ಕೈ ಉಪಕರಣ’ ಎಂದರೆ ಮುರಿದದ್ದು, ಸಡಿಲವಾದದ್ದು. ಈ ಗುದ್ದಲಿ ಗಟ್ಟಿಮುಟ್ಟಾಗಿದೆಯಲ್ಲ! 1975ರ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಈ ಅರ್ಥವನ್ನು ಒಪ್ಪಲಿಲ್ಲ. ಉಪಕರಣವನ್ನು ಬಳಸುವ ರೀತಿಯಿಂದಲೇ ದೇಹ ಕೆಡುವುದಾದರೆ ಅದೂ ಅಸುರಕ್ಷಿತವೇ ಎಂದಿತು. ಅದೇ ವರ್ಷ ಗಿಡ್ಡ ಗುದ್ದಲಿ ನಿಷೇಧವಾಯಿತು. ಉದ್ದ ಕಾವು ಬಂದ ಮೇಲೂ ಸಲಿನಾಸ್ ಲೆಟ್ಯೂಸಿಗೆ ಹೆಸರಾಗಿಯೇ ಉಳಿಯಿತು.

ಕೆಲಸವನ್ನು ಮನುಷ್ಯನ ಮೈಗೆ ಹೊಂದಿಸುವ ಶಾಸ್ತ್ರಕ್ಕೆ ‘ಎರ್ಗೊನಾಮಿಕ್ಸ್’ ಎಂಬ ಹೆಸರು 1857ರಷ್ಟು ಹಿಂದೆಯೇ ಪೋಲೆಂಡಿನಲ್ಲಿ ಹುಟ್ಟಿತ್ತು. ಕುರ್ಚಿ, ಮೇಜು, ಕೀಬೋರ್ಡ್ ಎಂದರೆ ಈಗ ಆ ಹೆಸರು ನೆನಪಾಗುತ್ತದೆ. ಕೂಲಿಯವರ ಸೊಂಟಕ್ಕೆ ಅದು ತಲುಪಬೇಕಾದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಗಿಡ್ಡ ಗುದ್ದಲಿ ಹೋದ ಕಡೆ ಎಷ್ಟೋ ಹೊಲಗಳಲ್ಲಿ ಬರಿಗೈಯಲ್ಲಿ ಕಳೆ ಕೀಳಿಸುವುದು ಉಳಿದೇ ಇತ್ತು. ಬೆನ್ನು ಬಾಗುವುದೂ ಹಾಗೆಯೇ. 2004ರಲ್ಲಿ ರಾಜ್ಯ ಅದಕ್ಕೂ ಮಿತಿ ಹಾಕಿತು. ಆದರೆ ಸಾವಯವ ಬೆಳೆಗಾರರಿಗೆ ವಿನಾಯಿತಿ ಸಿಕ್ಕಿತು.

ಮೇಸ್ತ್ರಿಯ ಕಣ್ಣೂ ಎಲ್ಲೂ ಹೋಗಿಲ್ಲ. ಇಂದಿನ ದೊಡ್ಡ ಗೋದಾಮುಗಳಲ್ಲಿ ಆ ಕೆಲಸವನ್ನು ಕಾರ್ಮಿಕರ ಕೈಯಲ್ಲಿರುವ ಸ್ಕ್ಯಾನರೇ ಮಾಡುತ್ತದೆ. ಎರಡು ಪೆಟ್ಟಿಗೆಗಳ ನಡುವೆ ಎಷ್ಟು ಹೊತ್ತು ಕೈ ನಿಂತಿತು ಎಂಬುದೂ ಅದರಲ್ಲಿ ದಾಖಲಾಗಬಲ್ಲದು. ಇದಕ್ಕೂ ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ತಂದಿತು: ಗುರಿ ಎಷ್ಟೆಂದು ಕಾರ್ಮಿಕರಿಗೆ ಬರಹದಲ್ಲಿ ತಿಳಿಸಬೇಕು, ಊಟಕ್ಕೆ, ವಿರಾಮಕ್ಕೆ, ಶೌಚಾಲಯಕ್ಕೆ ಹೋಗಲು ಬಿಡದಂಥ ಗುರಿಯನ್ನು ಹೇರುವಂತಿಲ್ಲ.