ಕಂಡಿದ್ದು ಒಂದು, ಕಾಡಿದ್ದು ಇನ್ನೊಂದು

ಮೂರು ವರ್ಷದ ಹಿಂದೆ ಒಂದು ಸೋಮವಾರ ಆಫೀಸಿನಲ್ಲಿ ಕಾಫಿ ಕಪ್ಪು ಕೈಯಿಂದ ಜಾರಿ ಬಿತ್ತು. ಬಲಗೈ ಪೂರ್ತಿ ಜೋಮು ಹಿಡಿದಿತ್ತು. ಹತ್ತು ನಿಮಿಷದಲ್ಲಿ ಸರಿಹೋಯ್ತು. ಮರುವಾರ ಮತ್ತೆ ಬಂತು. ಟೈಪ್ ಮಾಡುವಾಗ, ಸ್ಕೂಟರ್ ಓಡಿಸುವಾಗ, ಒಮ್ಮೊಮ್ಮೆ ನಡುರಾತ್ರಿ. ಮೊದಲು ನೋಡಿದ ಡಾಕ್ಟರು "ಸ್ಟ್ರೆಸ್ ಅಷ್ಟೇನಮ್ಮಾ, ನಾಲ್ಕು ದಿನ ರಜೆ ಹಾಕು" ಅಂದರು. ಎರಡನೆಯವರು ಎಂಆರ್‌ಐ ಬರೆದುಕೊಟ್ಟರು.

ಸ್ಕ್ಯಾನಿನಲ್ಲಿ, ಮಿದುಳಿನ ಬಲಭಾಗದಲ್ಲಿ, ಹಣೆಯ ಹಿಂದೆ ಒಂದು ಕ್ಯಾವರ್ನೋಮಾ ಸಿಕ್ಕಿತು. ತೆಳು ಗೋಡೆಯ ಪುಟ್ಟ ರಕ್ತನಾಳಗಳ ಗೊಂಚಲು. ನೋಡೋಕೆ ಹಿಪ್ಪುನೇರಳೆ ಹಣ್ಣಿನ ಥರ ಇರುತ್ತೆ ಅಂತ ವೈದ್ಯರೇ ಹೋಲಿಸುತ್ತಾರೆ. ನಮ್ಮದು ಶಿಡ್ಲಘಟ್ಟದ ಕಡೆ, ರೇಷ್ಮೆ ಊರು. ಅಮ್ಮನಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಅಂತೂ ಕಾರಣ ಗೊತ್ತಾಯ್ತಲ್ಲ ಅಂತ ನನಗೆ ಸಮಾಧಾನವೇ ಆಯ್ತು. "ತೆಗೆದುಬಿಡಿ" ಅಂದೆ. ಡಾಕ್ಟರು ಒಪ್ಪಲಿಲ್ಲ. ಮಿದುಳಿನ ಬಲಭಾಗ ನೋಡಿಕೊಳ್ಳೋದು ಎಡಗೈಯನ್ನು, ನಿಮ್ಮ ತೊಂದರೆ ಇರೋದು ಬಲಗೈಯಲ್ಲಿ, ಇದನ್ನು ತೆಗೆದರೂ ಕೈ ಸರಿಹೋಗಲ್ಲ ಅಂದರು. ಹಾಗಾದರೆ ಕೈಗೆ ಆಗಿರೋದೇನು? ಕುತ್ತಿಗೆಯ ಸ್ಕ್ಯಾನ್, ನರಗಳ ಪರೀಕ್ಷೆ, ಇಇಜಿ ಎಲ್ಲವೂ ನಾರ್ಮಲ್.

ಆಮೇಲೆ ನಾನು ಇದರ ಚರಿತ್ರೆ ಓದೋಕೆ ಕೂತೆ.

19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೊ ಎಂಬ ನರವೈದ್ಯರಿದ್ದರು. ರೋಗಿ ಬದುಕಿರುವಾಗ ಲಕ್ಷಣಗಳನ್ನು ಬರೆದಿಟ್ಟುಕೊಳ್ಳುವುದು, ಸತ್ತ ಮೇಲೆ ಮಿದುಳು, ಬೆನ್ನುಹುರಿ ಕೊಯ್ದು ಹೋಲಿಸಿ ನೋಡುವುದು ಅವರ ಕ್ರಮ. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ಪಷ್ಟ ಚಿತ್ರ ಸಿಕ್ಕಿದ್ದು ಹಾಗೆಯೇ. ಆದರೆ ಕೈಕಾಲು ಬಿದ್ದುಹೋದ ಕೆಲವರ ಮಿದುಳಿನಲ್ಲಿ ಏನೂ ಸಿಗುತ್ತಿರಲಿಲ್ಲ. ಅದಕ್ಕೆ 'ಹಿಸ್ಟೀರಿಯಾ' ಅನ್ನುತ್ತಿದ್ದರು. ಅದು ನಾಟಕವಲ್ಲ, ಖಾಯಿಲೆಯೇ, ಗಂಡಸರಿಗೂ ಬರುತ್ತೆ ಅಂತ ಶಾರ್ಕೊ ವಾದಿಸಿದರು. 1893ರಲ್ಲಿ ಅವರು ತೀರಿಕೊಂಡ ಮೇಲೆ ಆ ವಾದ ಮೂಲೆ ಸೇರಿತು. ಬೈಗುಳದಂಥ ಹೆಸರೊಂದು ಉಳಿಯಿತು.

ಬದುಕಿರುವವರ ಮಿದುಳಿನ ರಕ್ತನಾಳ ಕಂಡಿದ್ದು 1927ರಲ್ಲಿ, ಲಿಸ್ಬನ್‌ನಲ್ಲಿ. ಎಗಾಸ್ ಮೊನಿಜ್ ಕುತ್ತಿಗೆಯ ರಕ್ತನಾಳಕ್ಕೆ ಸೋಡಿಯಂ ಅಯೋಡೈಡ್ ದ್ರಾವಣ ಚುಚ್ಚಿ ಎಕ್ಸ್‌ರೇ ತೆಗೆದರು. ಅದಕ್ಕೂ ಮುಂಚೆ ಬೇರೆ ದ್ರಾವಣ ಬಳಸಿದಾಗ ಒಬ್ಬ ರೋಗಿ ಸತ್ತೇಹೋಗಿದ್ದ. ಈ ಆಂಜಿಯೋಗ್ರಾಮ್‌ನಿಂದ ಎಷ್ಟೋ ದೋಷಗಳು ಬೆಳಕಿಗೆ ಬಂದವು, ಆದರೆ ನನ್ನಂಥವರದ್ದು ಬರಲಿಲ್ಲ. ಕ್ಯಾವರ್ನೋಮಾದಲ್ಲಿ ರಕ್ತ ಹರಿಯುವುದು ಎಷ್ಟು ನಿಧಾನ ಅಂದರೆ, ಚುಚ್ಚಿದ ದ್ರಾವಣ ಅಲ್ಲಿ ಕಾಣುವುದೇ ಅಪರೂಪ. ಫಿಟ್ಸ್ ಬರುತ್ತಿದ್ದವರ ಆಂಜಿಯೋಗ್ರಾಮ್ ಕೂಡ 'ಕ್ಲೀನ್' ಬರುತ್ತಿತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಮೊದಲ ಸಿಟಿ ಸ್ಕ್ಯಾನ್ ಆಯ್ತು. ಯಂತ್ರ ಕಟ್ಟಿದ ಹೌನ್ಸ್‌ಫೀಲ್ಡ್, ಬೀಟಲ್ಸ್ ರೆಕಾರ್ಡು ಮಾರುತ್ತಿದ್ದ ಇಎಂಐ ಕಂಪನಿಯ ಎಂಜಿನಿಯರ್. ಅದೂ ಸಣ್ಣ ಕ್ಯಾವರ್ನೋಮಾಗಳನ್ನು ಎಷ್ಟೋ ಸಲ ಬಿಟ್ಟುಬಿಡುತ್ತಿತ್ತು. ಹಳೇ ರಕ್ತ ಬಿಟ್ಟುಹೋದ ಕಬ್ಬಿಣದ ಕಲೆಯನ್ನು ಹಿಡಿಯೋಕೆ 80ರ ದಶಕದ ಎಂಆರ್‌ಐ ಬರಬೇಕಾಯ್ತು. ಈಗಿನ ಅಂದಾಜಿನಂತೆ ಸುಮಾರು 200 ಜನರಲ್ಲಿ ಒಬ್ಬರಿಗೆ ಇದು ಇರುತ್ತೆ. ಹೆಚ್ಚಿನವರಿಗೆ ಗೊತ್ತೇ ಆಗಲ್ಲ.

ಇದನ್ನೆಲ್ಲ ಓದಿದ ಮೇಲೆ ಎರಡು ಭಯ ಕಡಿಮೆ ಆದವು. ಯಂತ್ರಕ್ಕೆ ಕಾಣದ ಮಾತ್ರಕ್ಕೆ ನಾನು ಸುಳ್ಳು ಹೇಳುತ್ತಿಲ್ಲ. ಹಾಗೆಯೇ, ಯಂತ್ರ ಏನೋ ತೋರಿಸಿತು ಅಂತ ಪ್ರತಿ ತಲೆನೋವನ್ನೂ ಅದರ ತಲೆಗೆ ಕಟ್ಟಬೇಕಿಲ್ಲ. ಇದುವರೆಗೆ ರಕ್ತ ಸೋರದ, ಮಿದುಳಿನ ಬುಡದಲ್ಲಿಲ್ಲದ ಇಂಥ ಗೊಂಚಲಿನಿಂದ ಐದು ವರ್ಷದಲ್ಲಿ ರಕ್ತಸ್ರಾವ ಆಗುವ ಸಂಭವ ಸುಮಾರು 100ಕ್ಕೆ 4. ತಲೆಬುರುಡೆ ತೆರೆಯೋದು ಬೇಡ, ಆಗಾಗ ಎಂಆರ್‌ಐ ಮಾಡಿಸುತ್ತಿರೋಣ ಅಂತ ನಿರ್ಧರಿಸಿದೆವು. ಕೈ ಈಗಲೂ ಜೋಮು ಹಿಡಿಯುತ್ತೆ. ದಿನಾಂಕ, ಹೊತ್ತು ಬರೆದಿಡುತ್ತೇನೆ. ಕಾಫಿಗೆ ಸ್ಟೀಲ್ ಲೋಟ.

ಭಾನುವಾರ ಅಮ್ಮ ಫೋನ್ ಮಾಡಿದರೆ ಎರಡು ಪ್ರಶ್ನೆ ಬೇರೆಬೇರೆಯಾಗಿಯೇ ಕೇಳುತ್ತಾಳೆ.

"ಹಣ್ಣು ಹೆಂಗೈತೆ?"

"ಹಂಗೇ ಐತೆ ಕಣಮ್ಮಾ."

"ಕೈ?"

"ನೆನ್ನೆ ಬಂದಿತ್ತು."