ಒಡಲು ಒಂದು, ಉಸಿರು ಇನ್ನೊಂದು

1964ರ ಮೇ 3ರಂದು ಜಪಾನಿನ ಸುಜುಕಾದಲ್ಲಿ ಎರಡನೆಯ ಜಪಾನ್ ಗ್ರ್ಯಾಂಡ್ ಪ್ರಿ ಕಾರು ಪಂದ್ಯ ನಡೆಯಿತು. ಅದರ ಒಂದು ವಿಭಾಗದಲ್ಲಿ ಜರ್ಮನಿಯ ಪೋರ್ಷೆ 904 ಗೆದ್ದಿತು. ಓಟಕ್ಕೆಂದೇ ರೂಪುಗೊಂಡಿದ್ದ ಆ ಕಾರು ಗೆದ್ದುದರಲ್ಲಿ ಸೋಜಿಗವೇನೂ ಇರಲಿಲ್ಲ. ಆದರೆ ಜಪಾನೀಯರು ಇಂದಿಗೂ ನೆನೆಯುವುದು ಗೆದ್ದ ಕಾರನ್ನಲ್ಲ. ಏಳನೆಯ ಸುತ್ತಿನಲ್ಲಿ ಅದನ್ನು ಹಿಂದಿಕ್ಕಿ, ಒಂದು ಸುತ್ತಿನ ಮಟ್ಟಿಗೆ ಮುಂದೆ ಓಡಿದ ಪ್ರಿನ್ಸ್ ಸ್ಕೈಲೈನ್ ಎಂಬ ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರನ್ನು. ಅದನ್ನು ಓಡಿಸಿದವರು ಇಕುಜಾವಾ ತೆತ್ಸು. ಪಂದ್ಯ ಮುಗಿದಾಗ ಎರಡರಿಂದ ಆರರವರೆಗಿನ ಸ್ಥಾನಗಳೆಲ್ಲ ಸ್ಕೈಲೈನ್‌ಗಳ ಪಾಲಾಗಿದ್ದವು.

ಆ ಕಾರುಗಳ ಒಡಲಲ್ಲಿದ್ದುದು ಅವುಗಳದ್ದಲ್ಲದ ಎಂಜಿನ್. ಸ್ಕೈಲೈನ್ 1500ಕ್ಕೆ ಇದ್ದುದು ನಾಲ್ಕು ಸಿಲಿಂಡರಿನ, ಒಂದೂವರೆ ಲೀಟರಿನ ಎಂಜಿನ್. ಅದೇ ಕಂಪನಿಯ ದೊಡ್ಡ ಕಾರಾದ ಗ್ಲೋರಿಯಾದಲ್ಲಿ ಆರು ಸಿಲಿಂಡರಿನ, 1988 ಸಿಸಿ ಎಂಜಿನ್ ಇತ್ತು. ಪಂದ್ಯಕ್ಕಾಗಿ ಗ್ಲೋರಿಯಾದ ಎಂಜಿನ್ನನ್ನು ಸ್ಕೈಲೈನಿಗೆ ಕೂರಿಸಲು ಹೊರಟಾಗ ಜಾಗ ಸಾಲಲಿಲ್ಲ. ಆಗ ಎಂಜಿನಿಯರರು ಎಂಜಿನ್ನನ್ನು ಮೊಟಕುಗೊಳಿಸಲಿಲ್ಲ, ಕಾರಿನ ಮೂತಿಯನ್ನೇ 200 ಮಿಲಿಮೀಟರ್ ಉದ್ದ ಮಾಡಿದರು. ಪಂದ್ಯದ ನಿಯಮ ಬೇಡುತ್ತಿದ್ದ 100 ಕಾರುಗಳನ್ನು ಹೀಗೆಯೇ ತಯಾರಿಸಿದರು. ಮುಂದೆ ಜಗತ್ಪ್ರಸಿದ್ಧವಾದ ಸ್ಕೈಲೈನ್ ಜಿಟಿ ವಂಶದ ಮೂಲಪುರುಷ ಹುಟ್ಟಿದ್ದು ಹೀಗೆ, ಒಂದು ಎಂಜಿನ್ ಬದಲಾವಣೆಯಿಂದ.

ಹಳೆಯ ಜಪಾನೀ ಕಾರಿನ ಎಂಜಿನ್ನನ್ನು ಇಳಿಸಿ ಬೇರೊಂದನ್ನು ಕೂರಿಸುವ ಕೆಲಸ ಇಂದು ಜಗತ್ತಿನ ಎಷ್ಟೋ ಮನೆಗಳ ಷೆಡ್ಡುಗಳಲ್ಲಿ ನಡೆಯುತ್ತಿದೆ. ಭಾನುವಾರಗಳಲ್ಲಿ ಮಾತ್ರ ಮುಂದುವರಿಯುವ ಈ ಕೆಲಸ ಐದು ವರ್ಷ, ಹತ್ತು ವರ್ಷ ಎಳೆಯುವುದುಂಟು. ಪರಂಪರೆಯ ಕಾವಲುಗಾರರ ಕಣ್ಣಿಗೆ ಇದು ಅಪಚಾರ: ಹಳೆಯದನ್ನು ಹಾಳುಗೆಡವಿ ಹೊಸದನ್ನೂ ಪೂರ್ಣಗೊಳಿಸದ ಹವ್ಯಾಸ. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಇತಿಹಾಸವನ್ನು ಕೊಂಚ ಹಿಂದಕ್ಕೆ ಸರಿದು ನೋಡಿದರೆ, ‘ಮೂಲ’ ಎಂದು ನಾವು ಕರೆಯುವುದೇ ಅನೇಕ ಬಾರಿ ಒಂದು ಜೋಡಣೆಯ ಫಲವೆಂಬುದು ಕಾಣುತ್ತದೆ.

ಪ್ರಿನ್ಸ್ ಕಂಪನಿಯೇ ಇದಕ್ಕೆ ಒಳ್ಳೆಯ ನಿದರ್ಶನ. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನಲ್ಲಿ ವಿಮಾನ ತಯಾರಿಕೆ ನಿಷಿದ್ಧವಾದಾಗ, ತಾಚಿಕಾವಾ ವಿಮಾನ ಕಾರ್ಖಾನೆಯ ಎಂಜಿನಿಯರರು ಕಾರುಗಳತ್ತ ತಿರುಗಿದರು. ಪೆಟ್ರೋಲಿಗೆ ಬರವಿದ್ದ ಕಾಲವದು. 1947ರಲ್ಲಿ ಅವರು ‘ತಾಮಾ’ ಎಂಬ ವಿದ್ಯುತ್ ಕಾರನ್ನು ಹೊರತಂದರು. 1950ರಲ್ಲಿ ಕೊರಿಯಾ ಯುದ್ಧ ಆರಂಭವಾಗಿ ಬ್ಯಾಟರಿಗೆ ಬೇಕಾದ ಸೀಸದ ಬೆಲೆ ಏರಿದಾಗ ವಿದ್ಯುತ್ ಕಾರು ನಷ್ಟದ ಬಾಬತ್ತಾಯಿತು. ಅವರು ಪೆಟ್ರೋಲ್ ಎಂಜಿನಿಗಾಗಿ ಫ್ಯೂಜಿ ಪ್ರಿಸಿಷನ್ ಎಂಬ ಸಂಸ್ಥೆಯ ಮೊರೆಹೊಕ್ಕರು. ಆ ಸಂಸ್ಥೆಯೂ ಯುದ್ಧದ ಪಳೆಯುಳಿಕೆಯೇ. ಜೀರೋ ಯುದ್ಧವಿಮಾನಕ್ಕೆ ಎಂಜಿನ್ ಒದಗಿಸಿದ್ದ ನಕಾಜಿಮಾ ಕಾರ್ಖಾನೆಯ ಒಂದು ಕವಲು. 1954ರಲ್ಲಿ ಎರಡೂ ಸಂಸ್ಥೆಗಳು ಒಂದಾದವು. ಒಡಲು ಕಟ್ಟುವವರು ಒಂದು ಮನೆಯವರು, ಉಸಿರು ತುಂಬುವವರು ಇನ್ನೊಂದು ಮನೆಯವರು. 1966ರಲ್ಲಿ ಪ್ರಿನ್ಸ್ ನಿಸಾನಿನೊಳಗೆ ಲೀನವಾಯಿತು.

ಸಂಸ್ಥೆಯ ಹೆಸರು ಹೋದರೂ ಎಂಜಿನ್ ಉಳಿಯಿತು. ಪ್ರಿನ್ಸಿನವರು ಪಂದ್ಯಕ್ಕೆಂದು ಕಟ್ಟಿದ್ದ ಆರ್380 ಕಾರಿನ ಎಂಜಿನ್ನಿನಿಂದ ಎಸ್20 ಎಂಬ, ಪ್ರತಿ ಸಿಲಿಂಡರಿಗೆ ನಾಲ್ಕು ಕವಾಟಗಳುಳ್ಳ ಎರಡು ಲೀಟರಿನ ಎಂಜಿನ್ ಮೂಡಿಬಂತು. 1969ರಲ್ಲಿ ಅದು ಮೊದಲು ಸ್ಕೈಲೈನ್ ಜಿಟಿ-ಆರ್ ಕಾರನ್ನೂ, ವರ್ಷದ ಕೊನೆಗೆ ನಿಸಾನಿನ ಹೊಸ ಫೇರ್‌ಲೇಡಿ ಝಡ್ ಕಾರನ್ನೂ ಸೇರಿತು. ಆ ಝಡ್‌ಗೆ ‘ಝಡ್432’ ಎಂದು ಹೆಸರು: ನಾಲ್ಕು ಕವಾಟ, ಮೂರು ಕಾರ್ಬ್ಯುರೇಟರ್, ಎರಡು ಕ್ಯಾಮ್‌ಶಾಫ್ಟ್. ಇಂಥವು ತಯಾರಾದದ್ದು ನಾನೂರರ ಆಸುಪಾಸು ಮಾತ್ರ. ಇಂದು ಸಂಗ್ರಾಹಕರು ಮುಟ್ಟಲೂ ಅಂಜುವ ಈ ‘ಅಪ್ಪಟ’ ಕಾರು ಕೂಡ ನಿಸಾನಿನ ಒಡಲಿಗೆ ಪ್ರಿನ್ಸಿನ ಎಂಜಿನ್ ಹೂಡಿದ ಫಲ.

ಇನ್ನು ಸಾಮಾನ್ಯ ಝಡ್ ಕಾರಿನ ಎಂಜಿನ್ನನ್ನು ನಿರ್ಧರಿಸಿದ್ದರಲ್ಲಿ ತೆರಿಗೆಯ ಪಾಲೂ ಇತ್ತು. ಜಪಾನಿನಲ್ಲಿ ಎರಡು ಲೀಟರಿಗಿಂತ ದೊಡ್ಡ ಎಂಜಿನಿನ ಕಾರಿಗೆ ಆಗ ಭಾರಿ ತೆರಿಗೆಯಿತ್ತು. ಆದ್ದರಿಂದ ಸ್ವದೇಶದ ಝಡ್‌ಗೆ ಎರಡು ಲೀಟರಿನ ಎಲ್20, ಅಮೆರಿಕಕ್ಕೆ ಹೋಗುವ ಝಡ್‌ಗೆ 2.4 ಲೀಟರಿನ ಎಲ್24. ಅಮೆರಿಕದಲ್ಲಿ ನಿಸಾನಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುತಾಕಾ ಕಾತಾಯಾಮಾ ಅದನ್ನು ‘ಡಾಟ್ಸನ್ 240ಝಡ್’ ಎಂಬ ಹೆಸರಿನಲ್ಲಿ 3,526 ಡಾಲರಿಗೆ ಮಾರಿದರು. 1978ರವರೆಗೆ ಈ ಮಾದರಿಯ ಕಾರುಗಳು 5 ಲಕ್ಷಕ್ಕೂ ಹೆಚ್ಚು ತಯಾರಾದವು. ಒಂದೇ ಒಡಲು, ದೇಶಕ್ಕೊಂದು ಎಂಜಿನ್. ಹೀಗಿರುವಾಗ ಬಳಸುವವನು ಅದನ್ನು ಬದಲಿಸಬಾರದೆಂಬ ನಿಷೇಧ ಆ ಕಾಲದವರಿಗೆ ಹೊಳೆದಿರಲಾರದು.

ಬದಲಾವಣೆ ಮೊದಲು ನೆಂಟರೊಳಗೇ ನಡೆಯಿತು. 280ಝಡ್‌ನ 2.8 ಲೀಟರಿನ ಎಲ್28 ಎಂಜಿನ್ ಅದೇ ಕುಲದ್ದು. ಹಳೆಯ 240ಝಡ್‌ನಲ್ಲಿ ಹೆಚ್ಚು ತಕರಾರಿಲ್ಲದೆ ಕೂರುತ್ತದೆ. ಹವ್ಯಾಸಿಗಳು ಅಲ್ಲಿಗೂ ನಿಲ್ಲಲಿಲ್ಲ. ನಿಸಾನಿನ ಎಲ್‌ಡಿ28 ಡೀಸೆಲ್ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನು ಎಲ್28ರಲ್ಲಿ ಜೋಡಿಸಿದರೆ ಪಿಸ್ಟನ್ನಿನ ನಡೆ ಉದ್ದವಾಗಿ, ಎಂಜಿನ್ ಮೂರು ಲೀಟರನ್ನು ದಾಟಬಲ್ಲದೆಂದು ಕಂಡುಕೊಂಡರು. ಸಾಧು ಸ್ವಭಾವದ ಡೀಸೆಲ್ ಕಾರಿನ ಮೂಳೆ ಓಟದ ಕಾರಿನ ಬೆನ್ನಾಯಿತು. ಅಮೆರಿಕದಲ್ಲಿ 1970ರ ದಶಕದಲ್ಲೇ ಷೆವ್ರೊಲೆಯ ಎಂಟು ಸಿಲಿಂಡರಿನ ಎಂಜಿನ್ ಝಡ್‌ನ ಉದ್ದನೆಯ ಬಾನೆಟ್ಟಿನಡಿ ಸೇರಿತು. 1989ರ ಸ್ಕೈಲೈನ್ ಜಿಟಿ-ಆರ್ ಜೊತೆಗೆ ಬಂದ ಆರ್‌ಬಿ26 ಎಂಬ, ಎರಡು ಟರ್ಬೊಗಳ, 280 ಅಶ್ವಶಕ್ತಿಯ ಎಂಜಿನ್ ಮುಂದೆ ಮನೆ ಮೆಕ್ಯಾನಿಕ್ಕುಗಳ ಕನಸಾಯಿತು. 240ಝಡ್‌ಗೆ ಹುಟ್ಟಿನಿಂದ ಬಂದದ್ದು ಸುಮಾರು 150 ಅಶ್ವಶಕ್ತಿ. ಕಾಗದದ ಮೇಲಿನ ಲೆಕ್ಕ ಬಹಳ ಸುಲಭ.

ಹಾಗಾದರೆ ಷೆಡ್ಡಿನಲ್ಲಿ ವರ್ಷಗಳು ಏಕೆ ಕಳೆಯುತ್ತವೆ? ಎಂಜಿನ್ ಎಂಬುದು ಒಂದು ವಸ್ತುವಲ್ಲ, ನೂರು ಸಂಬಂಧಗಳ ಗಂಟು ಎಂಬುದೇ ಕಾರಣ. ಆರ್‌ಬಿ26 ಹುಟ್ಟಿದ್ದು ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಕಾರಿಗಾಗಿ. ಮುಂದಿನ ಚಕ್ರದ ಶಾಫ್ಟು ಅದರ ಆಯಿಲ್ ಸಂಪಿನ ಮೂಲಕವೇ ಹಾದುಹೋಗುತ್ತದೆ. ಹಿಂದಿನ ಚಕ್ರಗಳಿಂದಷ್ಟೇ ನಡೆಯುವ ಝಡ್‌ಗೆ ತರಬೇಕಾದರೆ ಸಂಪನ್ನು ಬದಲಿಸಬೇಕು. ಎಂಜಿನ್ನನ್ನು ಹೊರುವ ಕಬ್ಬಿಣದ ತೋಳುಗಳನ್ನು ಹೊಸದಾಗಿ ಮಾಡಿಸಬೇಕು. ಗೇರ್‌ಬಾಕ್ಸ್ ಬದಲಾದರೆ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತದೆ. ಅದರ ಕೋನ ತುಸು ತಪ್ಪಿದರೂ ಕಾರು ನಡುಗುತ್ತದೆ. ಕಾರ್ಬ್ಯುರೇಟರಿಗೆ ಸಾಲುತ್ತಿದ್ದ ಪೆಟ್ರೋಲ್ ಒತ್ತಡ ಇಂಜೆಕ್ಷನ್ನಿಗೆ ಸಾಲದು, ಸುಮಾರು ಹತ್ತು ಪಟ್ಟು ಬೇಕು. ಎಂದರೆ ಪಂಪು, ಕೊಳವೆ, ಟ್ಯಾಂಕಿನ ಒಳಗು ಎಲ್ಲಕ್ಕೂ ಮರುಹುಟ್ಟು. ಗಣಕದ ಆದೇಶದಂತೆ ನಡೆಯುವ ಎಂಜಿನಿಗೆ ನರಮಂಡಲದಂಥ ವೈರಿಂಗ್ ಬೇಕು. ಇದೆಲ್ಲ ಮುಗಿಯುವ ಹೊತ್ತಿಗೆ ಹಳೆಯ ಝಡ್‌ಗಳ ಕುಲರೋಗವಾದ ತುಕ್ಕು ಬ್ಯಾಟರಿಯ ತಟ್ಟೆಯ ಕೆಳಗೆ, ನೆಲದ ತಗಡಿನಲ್ಲಿ ಹೊರಬಿದ್ದಿರುತ್ತದೆ. ಎಂಜಿನ್ ಕೆಲಸ ನಿಲ್ಲುತ್ತದೆ, ವೆಲ್ಡಿಂಗ್ ಕೆಲಸ ಶುರುವಾಗುತ್ತದೆ.

ಅದಾದ ಮೇಲೂ ಮುಗಿಯಲಿಲ್ಲ. ಇಮ್ಮಡಿ ಬಲವನ್ನು ತಡೆಯಲು ಹಳೆಯ ಬ್ರೇಕು ಸಾಲದು. ಹಿಂದಿನ ಡಿಫರೆನ್ಷಿಯಲ್ ಗಟ್ಟಿಯಾದದ್ದಾಗಬೇಕು. ಸುಮಾರು ಒಂದು ಟನ್ನಿನ ಹಗುರ ಒಡಲಿಗೂ ಬಲವರ್ಧನೆ ಬೇಕು. ಇಲ್ಲಿ ಕನ್ನಡ ಓದುಗರಿಗೆ ಗಿರೀಶ ಕಾರ್ನಾಡರ ‘ಹಯವದನ’ ನೆನಪಾಗದೆ ಇರದು. ದೇವದತ್ತನ ತಲೆ ಕಪಿಲನ ದೇಹಕ್ಕೆ, ಕಪಿಲನ ತಲೆ ದೇವದತ್ತನ ದೇಹಕ್ಕೆ ಸೇರಿದ ಮೇಲೆ ಗಂಡ ಯಾರೆಂಬ ಪ್ರಶ್ನೆ ಹುಟ್ಟುತ್ತದೆ. ತಲೆಯೇ ಪ್ರಧಾನವೆಂಬ ತೀರ್ಪು ಬರುತ್ತದೆ. ಆದರೆ ನಾಟಕದ ನಿಜವಾದ ಒಳನೋಟ ಆಮೇಲಿನದು: ದಿನ ಕಳೆದಂತೆ ದೇಹಗಳು ತಲೆಗೆ ತಕ್ಕ ಹಾಗೆ ಬದಲಾಗತೊಡಗುತ್ತವೆ. ಎಂಜಿನ್ ಬದಲಿಸಿದ ಕಾರಿನದೂ ಇದೇ ಗತಿ. ಹೊಸ ಎಂಜಿನ್ ತನಗೆ ತಕ್ಕ ದೇಹವನ್ನು ಬೇಡುತ್ತಲೇ ಹೋಗುತ್ತದೆ.

ನಾಟಕದ ನಾಯಕಿಯ ಹೆಸರು ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ಅದೇ ಹೆಸರಿನ ಕಾರು ತಯಾರಿಸುತ್ತಿದ್ದ ಪ್ರೀಮಿಯರ್ ಕಂಪನಿ 1985ರಲ್ಲಿ ‘118 ಎನ್‌ಇ’ ಎಂಬ ಇನ್ನೊಂದು ಕಾರನ್ನು ತಂದದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಒಡಲು ಇಟಲಿಯ ಫಿಯೆಟ್ 124ರದ್ದು, ಎಂಜಿನ್ ನಿಸಾನಿನ 1171 ಸಿಸಿಯದು. ಹೆಸರಿನ ಕೊನೆಯ ಎರಡಕ್ಷರ ‘ನಿಸಾನ್ ಎಂಜಿನ್’ ಎಂಬುದನ್ನೇ ಸಾರುತ್ತಿದ್ದವು. 1990ರ ದಶಕದ ಆರಂಭದಲ್ಲಿ ಅಂಬಾಸಿಡರಿಗೂ ಜಪಾನಿನ ಇಸುಜುವಿನ 1.8 ಲೀಟರಿನ ಎಂಜಿನ್ ಬಂತು. ಬ್ರಿಟಿಷರ ಮಾರಿಸ್ ಆಕ್ಸ್‌ಫರ್ಡಿನ ಒಡಲು, ಜಪಾನಿನ ಉಸಿರು, ಒಳಗೆ ಭಾರತ ಸರ್ಕಾರದ ಕಡತ. ಸರ್ಕಾರಿ ಕಚೇರಿಗಳ ಅಂಗಳದಲ್ಲಿ ಸಾಲಾಗಿ ನಿಂತ ಆ ಬಿಳಿಯ ಕಾರುಗಳನ್ನು ಯಾರೂ ಬೆರಕೆ ಎನ್ನಲಿಲ್ಲ. ಕಾರ್ಖಾನೆ ಮಾಡಿದರೆ ಅದು ಹೊಸ ಮಾದರಿ, ಮನೆಯಲ್ಲಿ ಮಾಡಿದರೆ ಅಪಚಾರ ಎಂಬ ಭೇದ ಎಷ್ಟು ನ್ಯಾಯ?

ಭೇದಕ್ಕೆ ಒಂದು ಆಧಾರವಂತೂ ಇದೆ. ಕಾರ್ಖಾನೆ ಬದಲಿಸಿದಾಗ ಹಳೆಯ ಮಾದರಿ ಅಳಿಯುವುದಿಲ್ಲ, ಪಕ್ಕದಲ್ಲಿ ಉಳಿದಿರುತ್ತದೆ. ಮನೆಯಲ್ಲಿ ಬದಲಿಸಿದಾಗ ಒಂದು ಕಡಿಮೆಯಾಗುತ್ತದೆ. 1975ರಲ್ಲಿ ಲಕ್ಷಗಟ್ಟಲೆ ಝಡ್‌ಗಳಿದ್ದಾಗ ಇದು ದೊಡ್ಡ ಮಾತಲ್ಲ. ಬಹುಪಾಲು ತುಕ್ಕಿಗೂ ಗುಜರಿಗೂ ಹೋಗಿ ಉಳಿದವು ವಿರಳವಾಗಿರುವ ಇಂದು ಹೌದು. ನಿಸಾನ್ ಕಂಪನಿಯೇ 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹಳೆಯ 240ಝಡ್‌ಗಳನ್ನು ಕೊಂಡು, ಮೊದಲಿನಂತೆ ಸರಿಪಡಿಸಿ ಮಾರಿತು. ಒಮ್ಮೆ ಕತ್ತರಿಸಿದ ತಗಡನ್ನು ಬೆಸೆಯಬಹುದು, ಆದರೆ ಕಾರ್ಖಾನೆಯ ಬೆಸುಗೆ ಹೇಗಿತ್ತೆಂಬ ಸಾಕ್ಷ್ಯ ಮರಳದು. ಹಸ್ತಪ್ರತಿಯ ಗರಿಯನ್ನು ಕಳೆದುಕೊಂಡವರಿಗೆ ಈ ನಷ್ಟದ ಸ್ವರೂಪ ತಿಳಿಯುತ್ತದೆ.

ಆದ್ದರಿಂದ ಬದಲಿಸಬೇಕೇ, ಬಾರದೇ ಎಂಬುದಕ್ಕಿಂತ ಹೇಗೆ ಬದಲಿಸಬೇಕೆಂಬ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ನನ್ನ ಭಾವನೆ. ಈ ವಿದ್ಯೆಯಲ್ಲಿ ಪಳಗಿದವರು ಕೆಲವು ಕಟ್ಟಳೆಗಳನ್ನು ತಾವೇ ಹಾಕಿಕೊಂಡಿರುತ್ತಾರೆ: ಸಾಧ್ಯವಾದಷ್ಟು ಮೂಲದ ತಗಡನ್ನು ಕತ್ತರಿಸದಿರುವುದು, ಹೊಸ ತೋಳುಗಳನ್ನು ಬೆಸೆಯದೆ ಬೋಲ್ಟಿನಿಂದ ಬಿಗಿಯುವುದು, ಇಳಿಸಿದ ಎಂಜಿನ್ನಿಗೆ ಎಣ್ಣೆ ಸವರಿ, ಹೊದಿಸಿ, ಕಾರಿನ ಆಸ್ತಿಯೆಂದೇ ಕಾಪಾಡುವುದು, ಪ್ರತಿ ಹಂತದ ಅಳತೆ, ಚಿತ್ರ, ದಿನಾಂಕಗಳನ್ನು ಬರೆದಿಡುವುದು. ನಾಳೆ ಬರುವವನು ಬಯಸಿದರೆ ಹಿಂದಿರುಗಲು ದಾರಿ ಉಳಿದಿರಬೇಕು.

ಈ ಕೊನೆಯ ಕಟ್ಟಳೆ ನನ್ನಂಥ ಕಡತದ ಜೀವಿಗೆ ವಿಶೇಷವಾಗಿ ಹಿಡಿಸುತ್ತದೆ. ನಮ್ಮ ದೇಶದ ನೋಂದಣಿ ಪತ್ರದಲ್ಲಿ ಛಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಎಂದು ಎರಡು ಅಂಕಣಗಳಿವೆ. ಎಂಜಿನ್ ಬದಲಾದರೆ ಅದನ್ನು ಪ್ರಾಧಿಕಾರದ ಗಮನಕ್ಕೆ ತಂದು ದಾಖಲಿಸಬೇಕು. ತಲೆಯೇ ಪ್ರಧಾನವೆಂದು ಋಷಿ ತೀರ್ಪಿತ್ತರೆ, ಮೋಟಾರು ವಾಹನದ ದಫ್ತರು ಎರಡಕ್ಕೂ ಒಂದೊಂದು ಸಾಲು ಕೊಟ್ಟು, ಬದಲಾದದ್ದನ್ನು ಬದಲಾಯಿತೆಂದು ಬರೆಯಿರಿ ಎನ್ನುತ್ತದೆ. ಇದು ನೀರಸ ನಿಯಮವೆನಿಸಬಹುದು. ಆದರೆ ಮೂತಿ ಉದ್ದವಾದ ಸ್ಕೈಲೈನ್ ಇಂದು ಇತಿಹಾಸವಾಗಿ ಉಳಿದಿರುವುದು ಆ 200 ಮಿಲಿಮೀಟರನ್ನು ಯಾರೂ ಮರೆಮಾಚದೆ ಇದ್ದುದರಿಂದ. ಬರೆದಿಟ್ಟ ಬದಲಾವಣೆ ಪರಂಪರೆಯ ಮುಂದಿನ ಅಧ್ಯಾಯವಾಗುತ್ತದೆ. ಬರೆಯದೆ ಬಿಟ್ಟದ್ದು ಮಾತ್ರ ನಿಜವಾದ ನಷ್ಟ.