ಇಸಿಜಿ ನಾರ್ಮಲ್, ಆದ್ರೂ ಎದೆ ನೋವು: ಪಕ್ಕೆಲುಬಿನ ಕೀಲಿನ ನೋವು ಮತ್ತು ಅದರ ಜೊತೆ ಬರುವ ಭಯ

ಗುಂಡ್ಲುಪೇಟೆ: ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಎದೆಯ ಎಡಕ್ಕೆ ಚುಳ್ ಅಂತ ಒಂದು ನೋವು. 'ಗ್ಯಾಸ್ ಇರ್ಬೇಕು ಬುಡು' ಅಂದ್ಕೊಂಡು ನೀರು ಕುಡಿದು ವ್ಯಾಪಾರ ಶುರು. ಮಧ್ಯಾಹ್ನ ಮೂಟೆ ಸರಿಸುವಾಗ ಮತ್ತೆ ಅದೇ ನೋವು. ರಾತ್ರಿ ಮಗ್ಗುಲು ಹೊರಳಿದಾಗ ಮತ್ತೆ. ಅಲ್ಲಿಗೆ ನಿದ್ದೆ ಹೋಯ್ತು. ಮೊಬೈಲ್ ತೆಗೆದು 'ಎಡ ಎದೆ ನೋವು' ಅಂತ ಹುಡುಕಿದರೆ ಮೊದಲು ಬರುವುದೇ ಹಾರ್ಟ್ ಅಟ್ಯಾಕ್. ಮರುದಿನ ಇಸಿಜಿ, ಆಮೇಲೆ ಎಕೋ, ರಕ್ತ ಪರೀಕ್ಷೆ. ಎಲ್ಲವೂ ನಾರ್ಮಲ್. ಆದ್ರೆ ನೋವು ಮಾತ್ರ ಅಲ್ಲೇ ಅದೆ, ಭಯವೂ ಅದೆ.

ಇಂಥವರು ನಮ್ಮ ತಾಲ್ಲೂಕಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಇವರಲ್ಲಿ ಬಹಳ ಜನರ ನೋವು ಬರುವುದು ಎದೆಗೂಡಿನ ಗೋಡೆಯಿಂದ, ಅಂದ್ರೆ ಪಕ್ಕೆಲುಬು, ಅದರ ಕೀಲು ಮತ್ತು ಸ್ನಾಯುಗಳಿಂದ. ಡಾಕ್ಟರ್ ಚೀಟಿಯಲ್ಲಿ 'ಕಾಸ್ಟೋಕಾಂಡ್ರೈಟಿಸ್' ಅಂತ ಬರೆದಿದ್ದರೆ ಅದು ಇದೇ. ಪ್ರಾಣಕ್ಕೆ ಅಪಾಯವಿಲ್ಲ. ಆದರೆ ತಿಂಗಳುಗಟ್ಟಲೆ ಕಾಡಬಹುದು, ಹೋಗಿ ಮತ್ತೆ ಬರಬಹುದು.

ಮೊದಲು ಇದನ್ನು ಓದಿ

ಹೊಸದಾಗಿ ಎದೆ ನೋವು ಬಂದವರು ಈ ಲೇಖನ ಓದಿ ತಾವೇ ತೀರ್ಮಾನ ಮಾಡಿಕೊಳ್ಳುವಂತಿಲ್ಲ. ಎದೆಯ ಮೇಲೆ ಕಲ್ಲು ಹೇರಿದಂತೆ ಭಾರ, ಹಿಂಡಿದಂತೆ ನೋವು, ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಏದುಸಿರು, ವಾಕರಿಕೆ, ಕಣ್ಣು ಕತ್ತಲೆ. ಇದರಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ. ಬೈಕ್ ಓಡಿಸಿಕೊಂಡು ಒಬ್ಬರೇ ಹೋಗಬೇಡಿ. ಮೆಟ್ಟಿಲು ಹತ್ತಿದಾಗ ಬಂದು, ಕೂತರೆ ಕಡಿಮೆಯಾಗುವ ನೋವನ್ನೂ ತಡಮಾಡದೆ ತೋರಿಸಬೇಕು. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಹೃದಯಾಘಾತ ಜೋರು ನೋವಿಲ್ಲದೆ ಬರೀ ಸುಸ್ತು, ಉಸಿರಾಟದ ತೊಂದರೆಯಾಗಿಯೂ ಬರುತ್ತದೆ.

ಇನ್ನೊಂದು ಮಾತು. ಹೃದಯಾಘಾತದ ಶುರುವಿನಲ್ಲಿ ಮೊದಲ ಇಸಿಜಿ ಸರಿಯಾಗಿಯೇ ಕಾಣಬಹುದು. ಅದಕ್ಕೇ ಅನುಮಾನ ಇದ್ದರೆ ವೈದ್ಯರು ಕೆಲ ಹೊತ್ತು ಬಿಟ್ಟು ಮತ್ತೊಮ್ಮೆ ಇಸಿಜಿ ತೆಗೆಸುತ್ತಾರೆ, ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಾರೆ. 'ದುಡ್ಡು ಕೀಳೋಕೆ ಕೂರಿಸ್ಕೊಂಡವ್ರೆ' ಅಂತ ಎದ್ದು ಬರಬೇಡಿ. 2023ರಲ್ಲಿ ಸರ್ಕಾರ ಶುರು ಮಾಡಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುತ್ತಾರೆ.

ಕಾಡಂಚಿನ ಹಳ್ಳಿಯವರಿಗೆ ರಾತ್ರಿ ಹೊತ್ತಿನ ಭಯ ಇನ್ನೂ ಜಾಸ್ತಿ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧ ಜಾರಿಗೆ ಬಂದದ್ದು 2009ರಲ್ಲಿ. ಮೇಲುಕಾಮನಹಳ್ಳಿ ಗೇಟ್ ಆಗಲಿ, ಮದ್ದೂರು ಗೇಟ್ ಆಗಲಿ, ಆಂಬುಲೆನ್ಸ್‌ಗೆ ಈ ನಿಷೇಧ ಇಲ್ಲ. ಇದು ಮನೆಯವರಿಗೆಲ್ಲ ಗೊತ್ತಿರಲಿ.

ನೋವು ಎಲ್ಲಿ ಹುಟ್ಟುತ್ತೆ

ಮನುಷ್ಯನಿಗೆ 12 ಜೊತೆ ಪಕ್ಕೆಲುಬು. ಮೇಲಿನ 7 ಜೊತೆ ಮುಂದೆ ಬಂದು ಮೃದು ಎಲುಬಿನ ಮೂಲಕ ಎದೆಮೂಳೆಗೆ ನೇರವಾಗಿ ಸೇರುತ್ತವೆ. ನೋವು ಕಾಣಿಸಿಕೊಳ್ಳುವುದು ಈ ಸೇರುವ ಜಾಗದಲ್ಲಿ, ಹೆಚ್ಚಾಗಿ 2ನೆಯದರಿಂದ 5ನೆಯ ಪಕ್ಕೆಲುಬಿನ ನಡುವೆ. ಎಡಗಡೆ ಬಂದರೆ ಹೃದಯದ ನೋವು ಅಂತಲೇ ಅನ್ನಿಸುತ್ತದೆ, ಜಾಗ ಹಂಗಿದೆ. ಬೆರಳಿಟ್ಟು ಒತ್ತಿದರೆ 'ಇಲ್ಲೇ' ಅಂತ ತೋರಿಸಬಹುದು. ಜೋರಾಗಿ ಉಸಿರೆಳೆದರೆ, ಕೆಮ್ಮಿದರೆ, ಸೀನಿದರೆ, ಕೈ ಮೇಲೆತ್ತಿದರೆ ಜಾಸ್ತಿಯಾಗುತ್ತದೆ. ನೋವಿನ ಜಾಗದಲ್ಲಿ ಊತವೂ ಇದ್ದರೆ ಅದಕ್ಕೆ ಟೀಟ್ಸೆ ಸಿಂಡ್ರೋಮ್ ಎನ್ನುತ್ತಾರೆ. ಜರ್ಮನಿಯ ಶಸ್ತ್ರವೈದ್ಯ ಅಲೆಕ್ಸಾಂಡರ್ ಟೀಟ್ಸೆ 1921ರಲ್ಲಿ ಇದನ್ನು ದಾಖಲಿಸಿದರು. ಒತ್ತಿದಾಗ ನೋಯುತ್ತದೆ ಅಂದ ಮಾತ್ರಕ್ಕೆ ಹೃದಯ ಸರಿಯಿದೆ ಎಂದು ನಾವೇ ಹೇಳಿಕೊಳ್ಳುವಂತಿಲ್ಲ. ಅದನ್ನು ಹೇಳಬೇಕಾದವರು ಪರೀಕ್ಷೆ ಮಾಡಿದ ವೈದ್ಯರು.

ಯಾಕೆ ಬರುತ್ತೆ? ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಸಿಕ್ಕರೆ ಅದು ಸಾಮಾನ್ಯವಾಗಿ ಭಾರ ಎತ್ತಿದ್ದು, ವಾರಗಟ್ಟಲೆ ಕೆಮ್ಮಿದ್ದು, ಅಭ್ಯಾಸವಿಲ್ಲದ ಕೆಲಸ ಒಂದೇ ದಿನ ಮಾಡಿದ್ದು. ತೆರಕಣಾಂಬಿ ಮಾರುಕಟ್ಟೆಗೆ ಟೊಮೆಟೊ ಕ್ರೇಟ್ ಏರಿಸಿ ಇಳಿಸುವವರು, ಈರುಳ್ಳಿ ಮೂಟೆ ಹೊರುವವರು, ಚೆಂಡು ಹೂವಿನ ಹೊಲದಲ್ಲಿ ದಿನವಿಡೀ ಬಗ್ಗಿ ಕೀಳುವ ಹೆಂಗಸರು, ಕಲ್ಲಿನ ಕೆಲಸದವರು, ಗಲ್ಲಾದಲ್ಲಿ ಹತ್ತು ಗಂಟೆ ಮುಂದಕ್ಕೆ ಬಾಗಿ ಕೂರುವವರು, ಎಲ್ಲರ ಎದೆಗೂಡಿಗೂ ಕೆಲಸ ಬೀಳುತ್ತದೆ. ಕೈ ಮುರಿದರೆ ಕಟ್ಟು ಹಾಕಿ ಸುಮ್ಮನಿಡಬಹುದು. ಪಕ್ಕೆಲುಬಿಗೆ ರಜೆ ಇಲ್ಲ. ದಿನಕ್ಕೆ ಸುಮಾರು 20 ಸಾವಿರ ಸಲ ಉಸಿರಾಡುತ್ತೇವೆ, ಪ್ರತಿ ಸಲವೂ ಆ ಕೀಲುಗಳು ಅಲುಗಾಡುತ್ತವೆ. ಮಾಯಲು ತಡವಾಗುವುದಕ್ಕೆ ಇದೂ ಒಂದು ಕಾರಣ.

ಹೃದಯವೂ ಅಲ್ಲದೆ ಕೀಲೂ ಅಲ್ಲದೆ ಬೇರೆಯೂ ಇರಬಹುದು: ಹುಳಿತೇಗು, ಜ್ವರ ಕೆಮ್ಮಿನ ಜೊತೆ ಬರುವ ಶ್ವಾಸಕೋಶದ ಸೋಂಕು, ಟಿಬಿ. ಒಂದೇ ಪಕ್ಕದಲ್ಲಿ ಉರಿಯಂಥ ನೋವು ಬಂದು ನಾಲ್ಕೈದು ದಿನಕ್ಕೆ ಗುಳ್ಳೆ ಎದ್ದರೆ ಅದು ಸರ್ಪಸುತ್ತು.

ಭಯ ಎಲ್ಲಿಂದ ಬಂತು

2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಗಾಜನೂರು ನಮ್ಮ ಗಡಿಯಾಚೆಯ ಪಕ್ಕದೂರು, ಚಾಮರಾಜನಗರ ಸೀಮೆಗೆ ಅದು ಮನೆಯ ಸಾವಿನಂತೆಯೇ ಆಯ್ತು. 'ಜಿಮ್ ಮಾಡ್ತಿದ್ದ ಅಪ್ಪುಗೇ ಹಿಂಗಾದ್ರೆ ನಮ್ ಗತಿ ಏನು' ಅನ್ನುವ ಮಾತು ಪ್ರತಿ ಟೀ ಅಂಗಡಿಯಲ್ಲೂ ಕೇಳಿಬಂತು. ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. 2025ರ ಜೂನ್, ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ದಿನಾ ಟಿವಿಯಲ್ಲಿ ಬಂದಾಗ ಮೈಸೂರಿನ ಜಯದೇವದಲ್ಲಿ ಬೆಳಗಿನ ಜಾವದಿಂದಲೇ ಮತ್ತೆ ಅದೇ ಸಾಲು. ಸರ್ಕಾರ ನೇಮಿಸಿದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹಾಸನದ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 20 ಹೃದಯಕ್ಕೆ ಸಂಬಂಧಿಸಿದ್ದು, 4 ಬೇರೆ ಕಾರಣದ್ದು. ಹಿಂದಿಗಿಂತ ಸಾವು ಹೆಚ್ಚಿಲ್ಲ ಎಂದೂ ಸಮಿತಿ ಹೇಳಿತು. ಆ ಸುದ್ದಿ ಮಾತ್ರ ಮೊದಲಿನ ಸುದ್ದಿಯಷ್ಟು ಓಡಲಿಲ್ಲ. ಇದರಲ್ಲಿ ನಮ್ಮಂಥ ಸುದ್ದಿಯವರ ಪಾಲೂ ಇದೆ, ಒಪ್ಪಿಕೊಳ್ಳಬೇಕು.

ಭಯಪಟ್ಟವರು ಸುಳ್ಳು ಹೇಳುತ್ತಿಲ್ಲ, ಅವರ ನೋವು ನಿಜವೇ. ಆದರೆ ಭಯ ಆ ನೋವನ್ನು ಬೆಳೆಸುತ್ತದೆ. ಗಾಬರಿಯಾದಾಗ ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲೆ ವೇಗವಾಗಿ ಆಡುತ್ತದೆ. ಪಕ್ಕೆಲುಬಿನ ನಡುವಿನ ಸ್ನಾಯುಗಳು ಬಿಗಿಯುತ್ತವೆ, ಮೊದಲೇ ನೊಂದ ಕೀಲು ಇನ್ನಷ್ಟು ನೋಯುತ್ತದೆ. ಅತಿಯಾಗಿ ಉಸಿರಾಡಿದರೆ ಬೆರಳು, ತುಟಿ ಜುಮ್ಮೆನ್ನುತ್ತವೆ. 'ಕೈ ಬೇರೆ ಜೋಮು ಹಿಡಿತಾ ಅದೆ' ಅಂತ ಭಯ ಇಮ್ಮಡಿಯಾಗುತ್ತದೆ. ಇದು ಹೊಸದೇನಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆ ನೋವು, ಬಡಿತ, ಸುಸ್ತು ಕಂಡು, ಹೃದಯದಲ್ಲಿ ಮಾತ್ರ ರೋಗ ಸಿಗದ ಪ್ರಕರಣಗಳ ಬಗ್ಗೆ ಡಾಕ್ಟರ್ ಡಾ ಕೋಸ್ಟಾ 1871ರಲ್ಲೇ ಬರೆದಿದ್ದರು.

ಒತ್ತಿ ನೋಡುವ ಚಟ

ದಿನಕ್ಕೆ ಇಪ್ಪತ್ತು ಮೂವತ್ತು ಸಲ ಅದೇ ಜಾಗ ಒತ್ತಿ 'ಇನ್ನೂ ಅದಾ' ಅಂತ ನೋಡುವವರಿದ್ದಾರೆ. ಒತ್ತಿ ಒತ್ತಿಯೇ ಆ ಜಾಗ ನೋಯುತ್ತದೆ. ನಾಡಿ ಹಿಡಿದು ಎಣಿಸುವುದು, ವಾಚಿನಲ್ಲಿ ಬಡಿತ ನೋಡುವುದು, ಸಮಾಧಾನಕ್ಕೆ ಅಂತ ತಿಂಗಳಿಗೊಂದು ಇಸಿಜಿ ತೆಗೆಸುವುದು, ಇವೆಲ್ಲ ಒಂದೇ ಜಾತಿ. ರಿಪೋರ್ಟ್ ಕೊಟ್ಟ ಸಮಾಧಾನ ಮೂರು ದಿನ ಇರುತ್ತದೆ, ನಾಲ್ಕನೇ ದಿನ 'ಆ ಮೆಷಿನ್ ಸರಿ ಇತ್ತೋ ಇಲ್ವೋ' ಅಂತ ಶುರುವಾಗುತ್ತದೆ. ಇಷ್ಟರಲ್ಲಿ ಅಂಗಡಿ ಎಷ್ಟು ದಿನ ಮುಚ್ಚಿರುತ್ತದೆ, ಮೈಸೂರಿಗೆ ಎಷ್ಟು ಓಡಾಟ ಆಗಿರುತ್ತದೆ, ಲೆಕ್ಕ ಇಡುವವರೇ ಬಲ್ಲರು.

ಇದಕ್ಕೆ ಒಂದು ದಾರಿ: ಒಬ್ಬರೇ ವೈದ್ಯರ ಬಳಿ, ಹಳೆಯ ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿ ಹಿಡಿದು ಹೋಗಿ. ಎರಡು ಪ್ರಶ್ನೆ ನೇರವಾಗಿ ಕೇಳಿ. 'ನನ್ನ ಹೃದಯ ಪರೀಕ್ಷೆ ಪೂರ್ತಿ ಆಗಿದೆಯಾ? ಇನ್ನು ಏನಾದ್ರೆ ಮತ್ತೆ ಬರಬೇಕು?' ಉತ್ತರವನ್ನು ಬರೆಸಿಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಭಯ ಬಂದಾಗ ಮೊಬೈಲ್ ಬಿಟ್ಟು ಆ ಚೀಟಿ ನೋಡಿ. ಅದರಲ್ಲಿ ಬರೆದದ್ದು ಆಗುತ್ತಿದ್ದರೆ ಹೊರಡಿ. ಇಲ್ಲದಿದ್ದರೆ ಅದು ಗೊತ್ತಿರುವ ಹಳೆಯ ನೋವೇ.

ದಿನ ಕಳೆಯುವುದು ಹೇಗೆ

ಬಿಸಿ ನೀರಿನ ಶಾಖ 10-15 ನಿಮಿಷ, ದಿನಕ್ಕೆರಡು ಸಲ, ಬಹಳ ಜನರಿಗೆ ಹಿತ. ನೋವು ಜಾಸ್ತಿಯಿದ್ದಾಗ ಪ್ಯಾರಾಸಿಟಮಾಲ್ ಅಥವಾ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗುವುದು ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ, ಹೃದ್ರೋಗ ಇರುವವರಿಗೆ ಅಪಾಯ.

ಬಾಗಿಲ ಚೌಕಟ್ಟಿನ ಎರಡೂ ಪಕ್ಕಕ್ಕೆ ಮುಂಗೈ ಆನಿಸಿ, ಒಂದು ಹೆಜ್ಜೆ ಮುಂದಿಟ್ಟು, ಎದೆ ಹಿಗ್ಗುವಂತೆ 20-30 ಸೆಕೆಂಡ್ ನಿಲ್ಲಿ. ಚುಚ್ಚಿದರೆ ಅಲ್ಲಿಗೆ ಬಿಡಿ, ಹಠ ಬೇಡ. ಮೂಟೆಯನ್ನು ಒಂದೇ ಏಟಿಗೆ ಎತ್ತದೆ ಇಬ್ಬರು ಸೇರಿ ಎತ್ತಿ, ಮೈಗೆ ಹತ್ತಿರ ಹಿಡಿದು ಎತ್ತಿ. ಕೆಲಸ ಪೂರ್ತಿ ಬಿಟ್ಟು ಮಲಗಿದರೆ ಎದೆಗೂಡು ಬಿಗಿದುಕೊಂಡು ನೋವು ಹೆಚ್ಚಬಹುದು. ನಡಿಗೆಯನ್ನಂತೂ ಬಿಡಬೇಡಿ.

ಗಾಬರಿ ಏರಿದಾಗ ಹೊಟ್ಟೆಯ ಮೇಲೆ ಕೈಯಿಟ್ಟು, ಮೂಗಿನಿಂದ ಮೆಲ್ಲಗೆ ಎಳೆದು, ಎಳೆದದ್ದಕ್ಕಿಂತ ಉದ್ದವಾಗಿ ಉಸಿರು ಬಿಡಿ. ಐದು ನಿಮಿಷ ಸಾಕು. ಮೊದಲ ದಿನವೇ ಫಲ ಸಿಗದಿರಬಹುದು. ಭಯ ಇಲ್ಲದ ಹೊತ್ತಿನಲ್ಲೂ ಅಭ್ಯಾಸ ಮಾಡಿಕೊಂಡವರಿಗೆ ಆ ಹೊತ್ತಿಗೆ ಒದಗುತ್ತದೆ.

ಮನೆಯವರು 'ಏನೂ ಇಲ್ಲ, ಸುಮ್ಕಿರು' ಅಂದ್ರೆ ನೋವಿರುವವರಿಗೆ ಅವಮಾನ. ಹಾಗಂತ ಪ್ರತಿ ಸಲ ಕಾರು ಮಾಡಿಕೊಂಡು ಓಡಿದರೂ ಭಯಕ್ಕೆ ಗೊಬ್ಬರ ಹಾಕಿದಂತೆ. ಚೀಟಿ ಒಟ್ಟಿಗೆ ಓದಿ, ಪಕ್ಕದಲ್ಲಿ ಹತ್ತು ನಿಮಿಷ ಕೂತರೆ ಸಾಕು.

ನಿದ್ದೆ ಕೆಟ್ಟು, ಒಬ್ಬರೇ ಪೇಟೆಗೆ ಹೋಗಲೂ ಹಿಂಜರಿಯುವ ಮಟ್ಟಕ್ಕೆ ಬಂದಿದ್ದರೆ ಆ ಭಯಕ್ಕೇ ಬೇರೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಫೋನಿನಲ್ಲಿ ಬೇಡ ಅನ್ನುವವರು ಚಾಮರಾಜನಗರದ ಸಿಮ್ಸ್ ಬೋಧನಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. 'ಹುಚ್ಚಿನ ಡಾಕ್ಟ್ರು' ಅಂತ ಯಾರಾದರೂ ಅಂದರೆ, ಹಲ್ಲು ನೋವಿಗೆ ಹಲ್ಲಿನ ಡಾಕ್ಟ್ರು ಇದ್ದಂಗೆ ಅಂತ ಹೇಳಿ ಬಸ್ ಹತ್ತಿ.

ಪಕ್ಕೆಲುಬಿನ ನೋವು ಇರುವವರಿಗೆ ಹೃದ್ರೋಗ ಬರುವುದೇ ಇಲ್ಲ ಅಂತಲೂ ಇಲ್ಲ. ಆದ್ದರಿಂದ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ವರ್ಷಕ್ಕೊಮ್ಮೆ ನೋಡಿಸಿ, ಬೀಡಿ ಸಿಗರೇಟು ಬಿಡಿ. ನೋವಿನ ಬಗೆಯೇ ಬದಲಾದರೆ, ಅಂದ್ರೆ ಚುಚ್ಚುತ್ತಿದ್ದದ್ದು ಹಿಂಡುವಂತಾದರೆ, ಕೂತಾಗ ಬರುತ್ತಿದ್ದದ್ದು ನಡೆದಾಗ ಬರತೊಡಗಿದರೆ, ಹಳೆಯ ಫೈಲ್ ಹಿಡಿದು ಅದೇ ದಿನ ಆಸ್ಪತ್ರೆಗೆ ಹೋಗಿ.